ಮಳೆ ಬಿಟ್ಟರೆ ನಿಂತಿತು, ನೀರು ಬಿಟ್ಟರೆ ಬಂತು: ‘ಬಿಡು’ ಎಂಬ ಒಂದೇ ಮಾತು

ಪ್ರಶ್ನೆ: ನಾನು ಕೊಡಗಿನ ಸಿದ್ದಾಪುರದ ಕಡೆ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ತರಗತಿಯಲ್ಲಿ ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ಎರವ ಆಗಿರುವ ಮಕ್ಕಳಿದ್ದಾರೆ. ಈಚೆಗೆ ತೋಟದ ಕೂಲಿಕಾರರ ಲೈನ್ ಮನೆಗಳಿಂದ ಅಸ್ಸಾಂ ಕಡೆಯ ಮಕ್ಕಳೂ ಬರುತ್ತಿದ್ದಾರೆ, ಅವರಿಗೆ ಹಿಂದಿ ಬರುತ್ತದೆ. ಮೊನ್ನೆ ಅವರಲ್ಲೊಬ್ಬ ಹುಡುಗ “ಟೀಚರ್, ನಲ್ಲೀಲಿ ನೀರು ಬಿಟ್ಟಿದ್ದಾರೆ ಅಂದ್ರೆ ನೀರು ಬಂತು ಅಂತ. ಹಾಗಾದ್ರೆ ಮಳೆ ಬಿಟ್ಟಿದೆ ಅಂದ್ರೆ ಮಳೆ ಬಂತು ಅಂತ ಅಲ್ವಾ?” ಎಂದು ಕೇಳಿದ. ಉತ್ತರ ಹೊಳೆಯಲಿಲ್ಲ. ‘ಬಿಡು’ ಮೂಲದಲ್ಲಿ ಒಂದೇ ಪದವೋ, ಒಂದೇ ಥರ ಕೇಳಿಸುವ ಎರಡು ಪದಗಳೋ? ‘ಬಿಡು ಎಂದರೆ ತ್ಯಜಿಸು, ಮಿಕ್ಕಿದ್ದೆಲ್ಲ ಆಡುಮಾತಿನ ಕಸ’ ಎನ್ನುವ ನನ್ನ ಸಹೋದ್ಯೋಗಿಯೊಬ್ಬರು ಮಕ್ಕಳು ‘ಬಂದುಬಿಟ್ಟ’ ಎಂದು ಬರೆದರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ. ಅದು ಸರಿಯೇ? ಇದನ್ನು ಮಕ್ಕಳಿಗೆ ಹೇಗೆ ಕಲಿಸಲಿ? ಅದೇ ಹುಡುಗ ‘ನಮ್ಮ ತೋಟ’ ಎಂಬ ವಿಷಯಕ್ಕೆ ಬರೆದ ನಾಲ್ಕು ಸಾಲು ಹೀಗಿವೆ: “ಕಾಫಿ ಗಿಡ ಹೂವನ್ನು ಬಿಟ್ಟಿತು. ಅಪ್ಪ ನೀರು ಬಿಡಿದ. ಆಮೇಲೆ ಮಳೆ ಬಂದುಬಿಟ್ಟಿತು. ಅಪ್ಪ ನೀರನ್ನು ಬಿಟ್ಟ.” ಇದಕ್ಕೆ ಎಷ್ಟು ಅಂಕ ಕೊಡಲಿ?

ಉತ್ತರ: ಹುಡುಗನ ತರ್ಕದಲ್ಲಿ ಐಬಿಲ್ಲ. ಕನ್ನಡ ಮನೆಮಾತಿನವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ, ಹೊರಗಿನಿಂದ ಬಂದವನಿಗೇ ಇದು ಕಾಣುವುದು. ಒಂದು ಮಾತು ಒಂದು ಕಡೆ ‘ಶುರುವಾಯಿತು’ ಎಂದೂ ಇನ್ನೊಂದು ಕಡೆ ‘ಮುಗಿಯಿತು’ ಎಂದೂ ಅರ್ಥ ಕೊಟ್ಟರೆ ಗೊಂದಲ ಆಗಲೇಬೇಕು.

ಪದ ಒಂದೇ, ಎರಡಲ್ಲ. ತಮಿಳು, ಮಲಯಾಳಗಳಲ್ಲಿ ಇದೇ ಧಾತು ‘ವಿಡು’ ಎಂದಿದೆ. ಕನ್ನಡದ ಮೊದಲಕ್ಷರದ ‘ಬ’ ಅಲ್ಲಿ ‘ವ’ ಆಗಿರುವುದು ನೂರಾರು ಪದಗಳಲ್ಲಿ ಕಾಣುತ್ತದೆ: ಬಾ–ವಾ, ಬೇರು–ವೇರ್, ಬಾಯಿ–ವಾಯ್. ತುಳುವಿನಲ್ಲಿ ‘ಬುಡು’. ನಿಮ್ಮ ಜಿಲ್ಲೆಯ ಗಡಿ ದಾಟಿ ಪಿರಿಯಾಪಟ್ಟಣ, ಹುಣಸೂರಿನ ಹಳ್ಳಿಗಳಿಗೆ ಹೋದರೆ ಕನ್ನಡದವರ ಬಾಯಲ್ಲೂ ‘ಬುಟ್ಬುಡು’ ಎಂದೇ ಕೇಳುತ್ತೀರಿ. ಬ ಉಚ್ಚರಿಸುವಾಗ ಕೂಡಿದ ತುಟಿ ಮುಂದಿನ ‘ಇ’ಯನ್ನು ‘ಉ’ ಕಡೆಗೆ ಎಳೆದುಕೊಂಡದ್ದು ಅಷ್ಟೆ. ಕೊಡವ ತಕ್ಕ್‌ನಲ್ಲೂ ಇದೇ ಧಾತುವಿದೆ. ಅಲ್ಲಿನ ಸ್ವರ ‘ಇ’ಗೂ ‘ಉ’ಗೂ ನಡುವೆ ನಿಲ್ಲುತ್ತದೆ, ಅದಕ್ಕೆ ಕನ್ನಡ ಲಿಪಿಯಲ್ಲಿ ತಕ್ಕ ಅಕ್ಷರವಿಲ್ಲ. ಅಂದರೆ ನಿಮ್ಮ ತರಗತಿಯ ಮುಕ್ಕಾಲು ಮಕ್ಕಳು ಈ ಪದವನ್ನು ಮನೆಯಿಂದಲೇ ತಂದಿದ್ದಾರೆ.

‘ಬಿಡು ಎಂದರೆ ತ್ಯಜಿಸು’ ಎಂಬುದು ಪದದ ಅರ್ಥವನ್ನು ಸಂಸ್ಕೃತದ ಒಂದು ಪದ ಕೊಟ್ಟು ಮುಗಿಸುವ ಹಳೆಯ ಅಭ್ಯಾಸ. ಹೂ ಬಿಟ್ಟ ಗಿಡ ಏನನ್ನು ತ್ಯಜಿಸಿತು? ಕಣ್ಣು ಬಿಟ್ಟ ಕೂಸು ಏನನ್ನು ತ್ಯಜಿಸಿತು? ‘ಬಿಡು’ವಿನ ತಿರುಳು ತ್ಯಾಗವಲ್ಲ, ಹಿಡಿತ ಸಡಿಲುವುದು. ಅದರ ಎದುರುಪದ ‘ಹಿಡಿ’. ಯಾರ ಹಿಡಿತ ಸಡಿಲಿತು, ಸಡಿಲಿದ್ದು ಯಾವ ಕಡೆ ಹೋಯಿತು ಎಂದು ಕೇಳಿದರೆ ಹುಡುಗನ ಪ್ರಶ್ನೆ ಬಗೆಹರಿಯುತ್ತದೆ. ನೀರನ್ನು ಹಿಡಿದಿಟ್ಟದ್ದು ವಾಲ್ವ್. ವಾಲ್ವ್ ಬಿಟ್ಟಿತು, ನೀರು ನಮ್ಮ ಕಡೆ ಬಂತು. ಮಳೆಯಲ್ಲಿ ಹಿಡಿದದ್ದು ಮಳೆಯೇ, ಹಿಡಿಸಿಕೊಂಡವರು ನಾವು. ಜೂನ್‌ನಲ್ಲಿ ಹಿಡಿದ ಮಳೆ ಕೊಡವರ ಕಕ್ಕಡ ತಿಂಗಳು (ಜುಲೈ–ಆಗಸ್ಟ್) ಮುಗಿದರೂ ಬಿಡಲಿಲ್ಲ ಎನ್ನುತ್ತೇವಲ್ಲ, ಅಲ್ಲಿ ಮಳೆ ಊರನ್ನು ಮುಷ್ಟಿಯಲ್ಲಿ ಹಿಡಿದು ಕೂತಿದೆ. ಅದು ಬಿಟ್ಟರೆ ನಾವು ಹೊರಗೆ ಬರುತ್ತೇವೆ. ಜ್ವರ ಬಿಟ್ಟಿತು, ದೆವ್ವ ಬಿಟ್ಟಿತು, ನಿದ್ದೆ ಮಂಪರು ಬಿಟ್ಟಿತು: ಎಲ್ಲ ಇದೇ ಜಾತಿ. ನೀರು ಬಿಡು, ಗಾಳಿಪಟ ಬಿಡು, ಉಸಿರು ಬಿಡು: ಇವು ವಾಲ್ವ್‌ನ ಜಾತಿ. ಗಿಡದೊಳಗೆ ಅಡಗಿದ್ದದ್ದು ಹೊರಬರುವುದರಿಂದ ಹೂ, ಚಿಗುರು, ಬೇರು, ಕಾಯಿ ಬಿಡುವುದೂ ಇದೇ ಸಾಲಿಗೆ ಸೇರುತ್ತದೆ.

ಇದು ಬರೀ ವ್ಯಾಕರಣದ ಆಟವಲ್ಲ. ಮಳೆಗಾಲದಲ್ಲಿ ‘ಹಾರಂಗಿ ಅಣೆಕಟ್ಟೆಯಿಂದ ನದಿಗೆ ನೀರು ಬಿಡಲಾಗಿದೆ’ ಎಂದು ಪ್ರಕಟಣೆ ಬಂದರೆ ನದಿಪಾತ್ರದವರು ಮೇಲೆ ಹೋಗಬೇಕು. ‘ಗುಡ್ಡ ಬಿರುಕು ಬಿಟ್ಟಿದೆ’ ಎಂದರೆ ಬಿರುಕು ಹೋಯಿತು ಎಂದಲ್ಲ, ಹುಟ್ಟಿತು ಎಂದು. 2018ರ ಆಗಸ್ಟ್‌ನ ಗುಡ್ಡ ಕುಸಿತ ಕಂಡ ಮಡಿಕೇರಿ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ, ಲೈನ್ ಮನೆಗೆ ಹೊಸದಾಗಿ ಬಂದವರಿಗೆ ಹೇಳಬೇಕು. ಮಾತ್ರೆಯ ವಿಷಯವೂ ಹಾಗೇ. ‘ಮಾತ್ರೆ ಬಿಡಬೇಡಿ’ ಎಂದರೆ ತಪ್ಪಿಸಬೇಡಿ. ‘ದಿನ ಬಿಟ್ಟು ದಿನ ತಗೊಳ್ಳಿ’ ಎಂದರೆ ಇವತ್ತು ತೆಗೆದುಕೊಂಡರೆ ನಾಳೆ ಇಲ್ಲ, ನಾಡಿದ್ದು. ‘ಎರಡು ದಿನ ಬಿಟ್ಟು ಬನ್ನಿ’ ಎಂದು ಸೋಮವಾರ ಹೇಳಿದರೆ ಕೆಲವರು ಬುಧವಾರ ಬರುತ್ತಾರೆ, ಕೆಲವರು ಗುರುವಾರ. ಮಂಗಳ, ಬುಧ ಎರಡನ್ನೂ ಬಿಡಬೇಕಾದ್ದರಿಂದ ಗುರುವಾರವೇ ಸರಿ. ಆದರೂ ಇಂಥ ಕಡೆ ವಾರದ ಹೆಸರು ಹೇಳುವುದೇ ಕ್ಷೇಮ.

ಇನ್ನು ವಾಕ್ಯದಲ್ಲಿ ಅರ್ಥವನ್ನು ನಿಜವಾಗಿ ತೀರ್ಮಾನಿಸುವುದು ಏನು ಎಂಬುದಕ್ಕೆ ನಿಮ್ಮ ಶಾಲೆಯೇ ಒಳ್ಳೆಯ ಉದಾಹರಣೆ. ‘ಶಾಲೆ ಬಿಟ್ಟಿತು’ ಎಂದರೆ ಗಂಟೆ ಹೊಡೆದು ಮಕ್ಕಳು ಮನೆಗೆ ಹೊರಟರು. ‘ಶಾಲೆ ಬಿಟ್ಟ’ ಎಂದರೆ ಓದು ನಿಲ್ಲಿಸಿದ. ‘ಶಾಲೆಗೆ ಬಿಟ್ಟ’ ಎಂದರೆ ಬೈಕಿನಲ್ಲಿ ಕರೆತಂದು ಗೇಟಿನ ಹತ್ತಿರ ಇಳಿಸಿದ. ‘ಶಾಲೆಯಿಂದ ಬಿಡಿಸಿದ’ ಎಂದರೆ ಮಗುವನ್ನು ಓದಿನಿಂದ ಹೊರತೆಗೆದ, ಕಾಫಿ ಕುಯ್ಲಿನ ಹೊತ್ತಿಗೆ ನೀವು ಹೆಚ್ಚು ಕೇಳುವ ಮಾತು ಬಹುಶಃ ಇದು. ಕ್ರಿಯಾಪದ ಒಂದೇ. ಬದಲಾದದ್ದು ಕರ್ತೃ ಮತ್ತು ವಿಭಕ್ತಿ. ಮಕ್ಕಳಿಗೆ ‘ಬಿಡು’ ಎಂಬ ಒಂಟಿ ಪದ ಕೊಟ್ಟು ಅರ್ಥ ಕೇಳುವುದು ಅದಕ್ಕೇ ವ್ಯರ್ಥ. ಅದರ ಹಿಂದೆ ಕೂತ ಪದದ ಬಾಲ ನೋಡಿ ಎಂದು ಹೇಳಬೇಕು. ಕೆಲವು ಕಡೆ ಬಾಲವೂ ಸಾಲದು: ‘ಶಾಲೆ ಬಿಟ್ಟ ಮೇಲೆ ತೋಟಕ್ಕೆ ಹೋಗ್ತಾನೆ’ ಎಂಬ ವಾಕ್ಯ ಸಂಜೆ ನಾಲ್ಕರ ಮೇಲಿನ ವಿಷಯವೂ ಆಗಬಹುದು, ಓದು ಬಿಟ್ಟವನ ವಿಷಯವೂ ಆಗಬಹುದು. ಹಾಜರಿ ವರದಿಯಲ್ಲಿ ಹೀಗೆ ಬರೆಯಬೇಡಿ.

ಅಡುಗೆಮನೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹಂದಿಮಾಂಸದ ಪಂದಿ ಕರಿ ಮಾಡುವವರು ಹೇಳುವುದನ್ನು ಗಮನಿಸಿ: ‘ಬಾಣಲೆಗೆ ಎರಡು ಚಮಚ ಎಣ್ಣೆ ಬಿಡು’ ಎಂದರೆ ಸುರಿ. ‘ನೀರು ಹಾಕಬೇಡ, ಮಾಂಸವೇ ನೀರು ಬಿಡುತ್ತೆ’ ಎಂದರೆ ಒಳಗಿನದು ಹೊರಬರುತ್ತೆ. ‘ಎಣ್ಣೆ ಬಿಡೋವರೆಗೆ ಹುರಿ’ ಎಂದರೆ ಮಸಾಲೆಯಿಂದ ಎಣ್ಣೆ ಬೇರೆಯಾಗಿ ಮೇಲೆ ತೇಲುವವರೆಗೆ. ಕೊನೆಗೆ ಕಾಚಂಪುಳಿ ಎಂಬ ಕಪ್ಪು ಹುಳಿರಸ ಹಾಕಿ ಇಳಿಸಿದ ಮೇಲೆ ಮನೆಯ ಹಿರಿಯರೊಬ್ಬರು ‘ನಾನು ಎಣ್ಣೆ ಬಿಟ್ಟಿದ್ದೀನಿ, ಡಾಕ್ಟರು ಹೇಳಿದ್ದಾರೆ’ ಎಂದರೆ ಅದು ನಾಲ್ಕನೆಯದು. ಮೊದಲನೆಯದರಲ್ಲಿ ಎಣ್ಣೆ ಬಿಡುವವರು ಅಡುಗೆಯವರು, ಮೂರನೆಯದರಲ್ಲಿ ಬಿಡುವುದು ಮಸಾಲೆ. ಕಡೆಯದರಲ್ಲಿ ತಟ್ಟೆಗೆ ಎಣ್ಣೆಯೇ ಬರುವುದಿಲ್ಲ. ಕಕ್ಕಡ 18ರಂದು ಔಷಧಿಯೆಂದು ತಿನ್ನುವ ಮದ್ದ್‌ಸೊಪ್ಪು ಬೇಯಿಸಿದಾಗ ನೀರಿಗೆ ನೇರಳೆ ಬಣ್ಣ ಬಿಡುತ್ತದೆ, ಬಿಡಲೇಬೇಕು, ಬಿಡದಿದ್ದರೆ ಸೊಪ್ಪು ಅದಲ್ಲ. ಅದೇ ಹೊಸ ಸೀರೆ ಬಣ್ಣ ಬಿಟ್ಟರೆ ಅಂಗಡಿಯವನ ಜೊತೆ ಜಗಳ.

ಈಗ ‘ಹೂವನ್ನು ಬಿಟ್ಟಿತು’. ಇಲ್ಲಿ ಒಂದು ಸೂಕ್ಷ್ಮವಿದೆ. ಕನ್ನಡದಲ್ಲಿ ಒಳಗಿನಿಂದ ಹೊಮ್ಮುವ ಅರ್ಥದ ‘ಬಿಡು’ ಬಂದಾಗ ಕರ್ಮಪದ ಬಾಲವಿಲ್ಲದೆ ಕ್ರಿಯಾಪದಕ್ಕೆ ಅಂಟಿಕೊಂಡಿರುತ್ತದೆ: ಹೂ ಬಿಟ್ಟಿದೆ, ಬೇರು ಬಿಟ್ಟಿದೆ, ಗಡ್ಡ ಬಿಟ್ಟಿದ್ದಾನೆ. ‘ಅನ್ನು’ ಸೇರಿಸಿದರೆ ಕೂಡಲೇ ಕಿವಿ ‘ತೊರೆದ, ಹೊರತುಪಡಿಸಿದ’ ಎಂಬ ಕಡೆ ಹೊರಳುತ್ತದೆ. ‘ಆನೆ ಬಾಳೆಗೊನೆ ತಿಂದು ಹೂವನ್ನು ಬಿಟ್ಟಿತು’ ಎಂದರೆ ಸರಿ. ‘ಗಿಡ ಹೂವನ್ನು ಬಿಟ್ಟಿತು’ ಎಂದರೆ ಗಿಡಕ್ಕೆ ಹೂವಿನ ಮೇಲೆ ಮುನಿಸೇ ಎನಿಸುತ್ತದೆ. ಇದು ಕಬ್ಬಿಣದ ನಿಯಮವೇನಲ್ಲ. ‘ಈ ಬಳ್ಳಿ ಹಳದಿ ಹೂಗಳನ್ನು ಬಿಡುತ್ತದೆ’ ಎಂದು ಪಠ್ಯಪುಸ್ತಕದ ಶೈಲಿಯಲ್ಲಿ ಬರೆಯುತ್ತಾರೆ, ಹೂವಿಗೆ ವಿಶೇಷಣ ಸೇರಿ ಅದು ತನ್ನ ಕಾಲ ಮೇಲೆ ನಿಂತಿರುವುದರಿಂದ ಅಲ್ಲಿ ಅಷ್ಟು ಅಡ್ಡಿಯಿಲ್ಲ. ಆದರೆ ತೋಟದವರ ಬಾಯಲ್ಲಿ ಯಾವತ್ತೂ ‘ಕಾಫಿ ಹೂ ಬಿಟ್ಟಿದೆ’. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾದಾಗ ಯಾರೂ ‘ಅನ್ನು’ ಹಾಕಿಕೊಂಡು ಕೂರುವುದಿಲ್ಲ.

‘ಬಂದುಬಿಟ್ಟ’ ವಿಷಯ. ಕೆಂಪು ಶಾಯಿ ಇಲ್ಲಿ ಅನ್ಯಾಯ. ಇದು ಕೊಳೆಯಲ್ಲ, ಸಹಾಯಕ ಕ್ರಿಯಾಪದ. ತಮಿಳಿನ ‘ವಂದುವಿಟ್ಟಾನ್’ ಇದರ ಜೋಡಿ. ‘ಮಗು ಹಾಲು ಕುಡಿಯಿತು’ ಎಂಬುದು ಸುದ್ದಿ. ‘ಮಗು ಹಾಲು ಕುಡಿದುಬಿಟ್ಟಿತು’ ಎಂದರೆ ಪೂರ್ತಿ ಮುಗಿಸಿತು ಎಂಬುದರ ಜೊತೆಗೆ ಹೇಳುವವನ ಮುಖವೂ ಕಾಣುತ್ತದೆ: ಕುಡಿಯುತ್ತದೆ ಎಂದುಕೊಂಡಿರಲಿಲ್ಲ, ಅಥವಾ ಆ ಹಾಲು ಬೇರೆ ಯಾರಿಗೋ ಇಟ್ಟದ್ದು. ಕೆಲಸ ಮುಗಿದು ಕೈತಪ್ಪಿತು, ಇನ್ನು ವಾಪಸಿಲ್ಲ ಎಂಬುದೇ ಇದರ ತಿರುಳು. ಆ ಕೈತಪ್ಪುವಿಕೆ ಖುಷಿಯೋ ಬೇಸರವೋ ಅವಸರವೋ ಎಂಬುದನ್ನು ಸಂದರ್ಭ ಹೇಳುತ್ತದೆ. ‘ಒಂದು ತುತ್ತು ತಿಂದುಬಿಡು ಮಗಾ’ ಎಂಬಲ್ಲಿ ಅಕ್ಕರೆ, ‘ಹೋಗಿಬಿಡು’ ಎಂಬಲ್ಲಿ ಬಾಗಿಲು ಮುಚ್ಚಿದ ಸದ್ದು.

ಇದು ಎಲ್ಲಿ ಹೊಂದುವುದಿಲ್ಲ ಎಂಬುದನ್ನೂ ಹೇಳಿಕೊಡಬೇಕು. ಮುಗಿದ ಭಾವ ಇದರಲ್ಲಿ ಇರುವುದರಿಂದ ನಿಷೇಧದ ಜೊತೆ ಸುಮ್ಮನೆ ಕೂರುವುದಿಲ್ಲ. ‘ಅವನು ನಿನ್ನೆ ಬಂದುಬಿಡಲಿಲ್ಲ’ ಎಂದು ಯಾರೂ ಅನ್ನುವುದಿಲ್ಲ, ‘ಕೇಳಿದ ಕೂಡಲೇ ಕೊಟ್ಟುಬಿಡಲಿಲ್ಲ’ ಎಂದರೆ ಮಾತ್ರ ಸರಿ, ಅಲ್ಲಿ ಅಲ್ಲಗಳೆಯುತ್ತಿರುವುದು ಕೊಟ್ಟದ್ದನ್ನಲ್ಲ, ಸಲೀಸಾಗಿ ಕೊಟ್ಟದ್ದನ್ನು. ಅರ್ಜಿ, ವಿಜ್ಞಾನದ ಉತ್ತರ, ವರದಿಗಳಲ್ಲಿ ಇದನ್ನು ತೆಗೆಯಬೇಕು. ‘ನನ್ನ ಹಸು ಸತ್ತುಬಿಟ್ಟಿದೆ, ಪರಿಹಾರ ಕೊಡಿ’ ಎಂಬುದರಲ್ಲಿ ಅಳು ಸೇರಿದೆ. ಕಚೇರಿಗೆ ‘ಸತ್ತಿದೆ’ ಸಾಕು. ಕಥೆ, ಪ್ರಬಂಧ, ದಿನಚರಿಯಲ್ಲಿ ತೆಗೆದರೆ ಮಾತು ಒಣಗುತ್ತದೆ. ಹಾಗೆಂದು ಸಾಲಿಗೆ ಎರಡು ಹಾಕಿದರೆ ರುಚಿ ಕೆಡುತ್ತದೆ.

ಬರವಣಿಗೆಯಲ್ಲಿ ಒಂದು ಅಂಗುಲದ ಜಾಗ ಅರ್ಥ ಬದಲಿಸುತ್ತದೆ. ‘ನಾಯಿಮರಿ ತಂದುಬಿಟ್ಟ’ ಎಂದು ಕೂಡಿಸಿ ಬರೆದರೆ, ಹೇಳದೆ ಕೇಳದೆ ಮನೆಗೆ ತಂದೇ ತಂದ. ‘ನಾಯಿಮರಿ ತಂದು ಬಿಟ್ಟ’ ಎಂದು ಬಿಡಿಸಿ ಬರೆದರೆ, ಎಲ್ಲಿಂದಲೋ ತಂದು ಇಲ್ಲಿ ಬಿಟ್ಟು ಹೋದ. ಓದುವಾಗಲೂ ಎರಡನೆಯದರಲ್ಲಿ ‘ತಂದು’ ಆದಮೇಲೆ ಉಸಿರು ನಿಲ್ಲುತ್ತದೆ. ನಿಮ್ಮ ಹಿಂದಿ ಬಲ್ಲ ಮಕ್ಕಳು ಎಡವುವ ಇನ್ನೊಂದು ಜಾಗ ಆಡುಮಾತಿನ ‘ಊಟ ಮಾಡ್ಬಿಟ್ಟು ಬಾ’. ಅದು ಉಂಡ ಮೇಲೆ ಬಾ ಎಂದು. ‘ಊಟ ಬಿಟ್ಟು ಬಾ’ ಎಂದರೆ ಉಪವಾಸ ಬರಬೇಕು. ಅಡುಗೆ ಅಮ್ಮ ಹೇಳಿದ್ದು ಮೊದಲನೆಯದಾಗಿ ಮಗುವಿಗೆ ಕೇಳಿಸಿದ್ದು ಎರಡನೆಯದಾದರೆ ಬಿಸಿಯೂಟ ತಪ್ಪುತ್ತದೆ.

ಇದರ ಸಂತತಿಯಲ್ಲಿ ತರಗತಿಗೆ ಬೇಕಾದದ್ದು ‘ಬಿಡಿಸು’. ‘ಐದನೇ ಲೆಕ್ಕ ಬಿಡಿಸಿ’ ಎಂದರೆ ಮಾಡಿ, ‘ಐದನೇ ಲೆಕ್ಕ ಬಿಡಿ’ ಎಂದರೆ ಮಾಡಬೇಡಿ. ಒಂದು ‘ಸಿ’ಯಲ್ಲಿ ಮಗುವಿನ ಅಂಕ ಹೋಗುತ್ತದೆ, ಹಲಗೆಯ ಮೇಲೆ ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿ. ಗಂಟಾಗಿದ್ದನ್ನು ಸಡಿಲಿಸುವುದು ಬಿಡಿಸುವುದು: ಒಗಟು, ಜಗಳ, ಬೆಳ್ಳುಳ್ಳಿ ಸಿಪ್ಪೆ, ಗಿರವಿ ಇಟ್ಟ ಒಡವೆ. ರಂಗೋಲಿ, ಚಿತ್ರ ಬಿಡಿಸುವುದೂ ಬೆರಳಿನಿಂದ ಎಳೆ ಎಳೆಯಾಗಿ ಬಿಡುವುದರಿಂದಲೇ ಬಂದಂತೆ ಕಾಣುತ್ತದೆ. ‘ಬಿಟ್ಟ ಸ್ಥಳ ತುಂಬಿರಿ’ ಎಂಬುದು ಪ್ರತಿ ಪ್ರಶ್ನೆಪತ್ರಿಕೆಯಲ್ಲೂ ಇದೆ, ಅದರಲ್ಲಿನ ‘ಬಿಟ್ಟ’ ಯಾವುದು ಎಂದು ಮಕ್ಕಳನ್ನು ಒಮ್ಮೆ ಕೇಳಿ ನೋಡಿ. ಧಾತುವಿನ ಸ್ವರ ಉದ್ದವಾಗಿ ಕೆಡು–ಕೇಡು, ಪಡು–ಪಾಡು ಆದಂತೆ ಬಿಡು–ಬೀಡು ಆಗಿದೆ: ಗಾಡಿ ಎತ್ತು ಬಿಟ್ಟು ತಂಗುವ ಜಾಗ. ಹಳೇಬೀಡಿನ ಬೀಡು ಇದೇ. ‘ಕಾಡಾನೆ ಹಿಂಡು ತೋಟದಲ್ಲಿ ಬೀಡುಬಿಟ್ಟಿದೆ’ ಎಂಬ ನಿಮ್ಮೂರ ಪತ್ರಿಕೆಯ ಮಾಮೂಲಿ ತಲೆಬರಹದಲ್ಲಿ ಅಪ್ಪ ಮಗ ಇಬ್ಬರೂ ಒಟ್ಟಿಗೆ ಕೂತಿದ್ದಾರೆ. ಆದರೆ ‘ಬಿಟ್ಟಿ’ ಈ ಮನೆಯದಲ್ಲ. ದುಡ್ಡು ಬಿಟ್ಟು ಮಾಡಿಸುವ ಕೆಲಸ ಎಂದು ಹಲವರು ವಿವರಿಸುವುದುಂಟು, ಅದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ರೈಲು ಬಿಡುವುದು, ಬುರುಡೆ ಬಿಡುವುದು ನುಡಿಗಟ್ಟು, ಅವನ್ನು ಹಾಗೇ ಕಲಿಯಬೇಕು. ರೈಲು ಮಾರ್ಗವೇ ಇಲ್ಲದ ಕೊಡಗಿನಲ್ಲೂ ರೈಲು ಬಿಡುವವರಿಗೆ ಕೊರತೆಯಿಲ್ಲವಲ್ಲ.

ಕಲಿಸುವ ದಾರಿಗಳು. ಅರ್ಥಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದು ಸುಲಭ, ಆದರೆ ಮಗು ಇಪ್ಪತ್ತು ಅರ್ಥ ಒಪ್ಪಿಸಿ ವಾಕ್ಯದಲ್ಲಿ ಸೋಲುತ್ತದೆ. ಎದುರಿಗೆ ‘ಹಿಡಿ’ ಇಟ್ಟು ನೋಡುವ ಉಪಾಯ ಮಳೆ, ಹಟ, ಕೈ, ದಾರಿ ಇವಕ್ಕೆ ಚೆನ್ನಾಗಿ ಒಗ್ಗುತ್ತದೆ. ‘ಬಂದುಬಿಟ್ಟ’ಕ್ಕೆ ಒಗ್ಗುವುದೇ ಇಲ್ಲ, ಹೂವಿಗೂ ಅಷ್ಟಕ್ಕಷ್ಟೆ. ಮನೆಮಾತಿನ ಮೂಲಕ ಹೋಗುವುದು ವೇಗದ ದಾರಿ, ಅದರಲ್ಲಿ ಗುಂಡಿಗಳೂ ಇವೆ. ಮಲಯಾಳದಲ್ಲಿ ‘ಸ್ಕೂಲ್ ವಿಟ್ಟು’ ಎಂದರೆ ಶಾಲೆ ಬಿಟ್ಟಿತು ಎಂದೇ, ಅಲ್ಲಿಗೆ ಸರಿ. ಆದರೆ ‘ಪರಞ್ಞು ವಿಟ್ಟು’ ಎಂದರೆ ಹೇಳಿ ಕಳಿಸಿದ ಎಂದು. ಆ ಮಗು ನಮ್ಮ ‘ಹೇಳಿಬಿಟ್ಟ’ವನ್ನೂ ಹಾಗೇ ಓದುವ ಸಂಭವವಿದೆ. ಹಿಂದಿಯ ‘ಛೋಡ್‌ನಾ’ ನೀರು ಬಿಡುವುದಕ್ಕೆ, ಬೀಡಿ ಬಿಡುವುದಕ್ಕೆ, ಮನೆ ತನಕ ಬಿಟ್ಟು ಬರುವುದಕ್ಕೆ ಹೆಗಲು ಕೊಡುತ್ತದೆ, ಮಳೆಗೂ ಹೂವಿಗೂ ಕೊಡುವುದಿಲ್ಲ. ಅಲ್ಲಿ ಮಳೆ ‘ರುಕ್’ ಆಗುತ್ತದೆ, ಹೂ ‘ಖಿಲ್’ ಆಗುತ್ತದೆ. ನಿಮ್ಮ ಹುಡುಗ ಮಳೆಯಲ್ಲಿ ಜಾರಿದ್ದು ಇದೇ ಜಾಗದಲ್ಲಿ.

ನನ್ನ ಸಲಹೆ: ಒಂದೇ ಪದವನ್ನು ನಾಲ್ಕು ಬಾಲಗಳ ಜೊತೆ ಕೊಡಿ, ಮೇಲೆ ‘ಶಾಲೆ’ಗೆ ಮಾಡಿದ ಹಾಗೆ. ಒಂದು ವಾರ ಶಾಲೆ, ಮುಂದಿನ ವಾರ ನೀರು, ಆಮೇಲೆ ಎಣ್ಣೆ. ವಾಕ್ಯ ಹೇಳಿ, ಮಕ್ಕಳು ಅಭಿನಯಿಸಿ ತೋರಿಸಲಿ. ‘ಹೋಗಲು ಬಿಡು’, ‘ಹೋಗಲಿ ಬಿಡು’, ‘ಹೋಗಿಬಿಡು’ ಮೂರನ್ನೂ ಬೇರೆ ಬೇರೆ ಮುಖಭಾವದಲ್ಲಿ ಆಡಿಸಿದರೆ ಅಪ್ಪಣೆ, ಸಮಾಧಾನ, ಸಿಟ್ಟು ತಾವೇ ವಿಂಗಡವಾಗುತ್ತವೆ. ಸಹಾಯಕ ಕ್ರಿಯಾಪದವನ್ನು ಇದೆಲ್ಲ ಆದಮೇಲೆ ತನ್ನಿ.

ಇನ್ನು ನಾಲ್ಕು ಸಾಲು. ‘ನೀರು ಬಿಡಿದ’ ಎಂಬುದು ರೂಪದ ತಪ್ಪು. ಮೊದಲ ಸ್ವರ ಗಿಡ್ಡವಾಗಿದ್ದು ‘ಡು’ ಎಂದು ಮುಗಿಯುವ ಎರಡಕ್ಷರದ ಧಾತು ಭೂತಕಾಲದಲ್ಲಿ ‘ಟ್ಟ’ ಆಗುತ್ತದೆ: ಇಡು–ಇಟ್ಟ, ಕೊಡು–ಕೊಟ್ಟ, ನೆಡು–ನೆಟ್ಟ, ಸುಡು–ಸುಟ್ಟ. ಸ್ವರ ಉದ್ದವಾಗಿದ್ದರೆ ‘ಇದ’: ಮಾಡಿದ, ಓಡಿದ, ಬೇಡಿದ. ಹುಡುಗ ಎರಡನೇ ಗುಂಪಿನ ಅಚ್ಚಿಗೆ ಇದನ್ನು ಹಾಕಿದ್ದಾನೆ. ಹೂವಿನ ಸಾಲಿನಲ್ಲಿ ‘ಅನ್ನು’ ತೆಗೆಸಿ. ‘ಮಳೆ ಬಂದುಬಿಟ್ಟಿತು’ಗೆ ಪೂರ್ತಿ ಅಂಕ ಕೊಡಿ. ಅಪ್ಪ ಸ್ಪ್ರಿಂಕ್ಲರ್ ಹಾಕಿ ನೀರು ಬಿಟ್ಟ ಮೇಲೆ ಮಳೆ ಬಂದಿದೆ, ಡೀಸೆಲ್ ದಂಡವಾಗಿದೆ, ಆ ಸಂಕಟವನ್ನು ‘ಬಂತು’ ಎಂಬುದು ಹೇಳುವುದಿಲ್ಲ. ಕೊನೆಯ ಸಾಲಿನಲ್ಲಿ ಅವನ ಮನಸ್ಸಿನಲ್ಲಿದ್ದದ್ದು ನೀರು ನಿಲ್ಲಿಸಿದ ಎಂದು. ‘ಅನ್ನು’ ಹಚ್ಚಿದರೆ ತೊರೆದ ಅರ್ಥ ಬರುತ್ತದೆಂದು ಅಂದಾಜು ಮಾಡಿದ್ದಾನೆ, ಅಂದಾಜು ಬುದ್ಧಿವಂತಿಕೆಯದೇ. ಆದರೆ ನೀರಿನ ಜೊತೆ ‘ಬಿಟ್ಟ’ ಬಂದರೆ, ‘ಅನ್ನು’ ಇರಲಿ ಇಲ್ಲದಿರಲಿ, ತೋಟದಲ್ಲಿ ಎಲ್ಲರಿಗೂ ವಾಲ್ವ್ ತೆರೆದದ್ದೇ ಕೇಳಿಸುತ್ತದೆ. ಅಲ್ಲಿ ‘ನೀರು ನಿಲ್ಲಿಸಿದ’ ಎಂದು ಬರೆಸಿ. ನಾಲ್ಕಕ್ಕೆ ಎರಡೂವರೆ ಕೊಡಬಹುದು.